ಪೈಪ್ ಕೊಳ್ಳೋ ಮುಂಚೆ ಏನೇನು ನೋಡಬೇಕು? ಬಿಜಾಪುರದಿಂದ ಅಕ್ಬರನ ದರ್ಬಾರಿಗೆ ಹೋದ ಪೈಪ್ ಹೇಳುವ ಪಾಠ

ವಿಜಯಪುರ: ಗಾಂಧಿ ಚೌಕದ ಸುತ್ತಮುತ್ತ ಪಾನ್ ಅಂಗಡಿಗೆ ಬರುವವರು ಬೀಡಿ, ಸಿಗರೇಟು ಕೇಳುವುದೇ ಹೆಚ್ಚು. ಪೈಪ್ ಕೇಳುವ ಗಿರಾಕಿ ಅಪರೂಪ. ಆದರೂ ಸಿನಿಮಾದಲ್ಲಿ ನೋಡಿ, ಮೊಬೈಲ್‌ನಲ್ಲಿ ಫೋಟೋ ನೋಡಿ "ಯಾವ ಪೈಪ್ ಚಲೋ ಇರ್ತದ್ರೀ?" ಎಂದು ವಿಚಾರಿಸುವ ಹೊಸಬರು ಇದ್ದೇ ಇರುತ್ತಾರೆ. 300 ರೂಪಾಯಿಯ ಪೈಪ್‌ಗೂ 5 ಸಾವಿರದ ಪೈಪ್‌ಗೂ ಫರಕು ಏನು? ಹೆಚ್ಚು ರೊಕ್ಕ ಕೊಟ್ಟರೆ ಆರೋಗ್ಯಕ್ಕೆ ಅಪಾಯ ಕಡಿಮೆಯೇ? ಅಂಗಡಿಯಲ್ಲಿ ಇಟ್ಟು ಮಾರಬಹುದೇ?

ಈ ಪ್ರಶ್ನೆಗಳು ಈ ಊರಿಗೆ ಹೊಸವಲ್ಲ. ಭಾರತದ ಇತಿಹಾಸದಲ್ಲಿ ಅತಿ ಹೆಚ್ಚು ಹೆಸರಾದ ತಂಬಾಕಿನ ಪೈಪ್‌ನ ಕಥೆ ಶುರುವಾಗುವುದೇ ಬಿಜಾಪುರದಿಂದ.

ಅಸದ್ ಬೇಗ್ ಕಂಡ ಬಿಜಾಪುರ

ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲ. 1604ರ ಸುಮಾರಿಗೆ ಮೊಘಲ್ ಬಾದಶಹಾ ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಎಂಬಾತ ಬಿಜಾಪುರಕ್ಕೆ ಬಂದಿದ್ದ. ಇಲ್ಲಿಯ ಬಜಾರ ನೋಡಿ ಬೆರಗಾದ. ಅಗಲವಾದ ಉದ್ದನೆಯ ರಸ್ತೆ, ಪ್ರತಿ ಅಂಗಡಿ ಮುಂದೆ ಒಂದೊಂದು ಹಸಿರು ಗಿಡ, ಒಡವೆ, ಅತ್ತರು, ತಿಂಡಿ ತಿನಿಸುಗಳ ಮಳಿಗೆಗಳು ಎಂದೆಲ್ಲ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ.

ಅದೇ ಬಿಜಾಪುರದಲ್ಲಿ ಅವನ ಕಣ್ಣಿಗೆ ಬಿದ್ದದ್ದು ತಂಬಾಕು. ಪೋರ್ಚುಗೀಸರ ಹಡಗುಗಳಲ್ಲಿ ಬಂದ ಈ ಎಲೆ ದಖ್ಖನಿನಲ್ಲಿ ಆಗಲೇ ಬಳಕೆಗೆ ಬಂದಿತ್ತು. ಉತ್ತರದ ದರ್ಬಾರಿಗೆ ಮಾತ್ರ ಅದು ಹೊಸದು. ಅಸದ್ ಬೇಗ್ ತಂಬಾಕನ್ನು ಕಟ್ಟಿಕೊಂಡ, ಜತೆಗೆ ಬಾದಶಹಾಗೆ ಒಪ್ಪುವಂಥ ಒಂದು ಪೈಪ್ ಕೂಡ ಸಿದ್ಧಮಾಡಿಸಿದ. ಅದರ ಕೊಳವೆ ಸುಮಾತ್ರದ ಅಚೆ ಕಡೆಯದು, ಮೂರು ಮೊಳ ಉದ್ದ, ಚೆನ್ನಾಗಿ ಒಣಗಿಸಿದ್ದು. ಬಾಯಿಗೆ ಇಟ್ಟುಕೊಳ್ಳುವ ತುದಿ ಯೆಮೆನ್ ದೇಶದ ಕೆಂಪು ಅಕೀಕ್ ಕಲ್ಲಿನದು. ಹೊತ್ತಿಸಲು ಬಂಗಾರದ ಸಾಧನ.

ಹರಳು, ಬಂಗಾರ ಬದಿಗಿಟ್ಟು ನೋಡಿದರೆ ಅಸದ್ ಬೇಗ್ ಗಮನ ಕೊಟ್ಟದ್ದು ಕೊಳವೆ, ಬಾಯಿ ತುದಿ, ಬೆಂಕಿಯ ಜಾಗಕ್ಕೆ. ಕೊಳವೆ ಉದ್ದವಿದ್ದರೆ ಹೊಗೆ ಬಾಯಿಗೆ ಬರುವಷ್ಟರಲ್ಲಿ ತಣ್ಣಗಾಗುತ್ತದೆ. ಕಟ್ಟಿಗೆ ಒಣಗಿದ್ದರೆ ಬಿರಿಯುವುದಿಲ್ಲ. ಕಲ್ಲಿನ ತುದಿ ಜೊಲ್ಲು ಹೀರುವುದಿಲ್ಲ. ಇವತ್ತಿಗೂ ಪೈಪ್ ಪರೀಕ್ಷೆ ಇಷ್ಟೇ.

ಮೊದಲು ಕಟ್ಟಿಗೆ ನೋಡಿ

ಇಂದಿನ ಪೈಪ್‌ಗಳಲ್ಲಿ ಹೆಚ್ಚು ಮಾನ್ಯತೆ ಇರುವುದು ಬ್ರಯರ್ ಕಟ್ಟಿಗೆಗೆ. ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಒಂದು ಪೊದೆಯ ಬುಡದ ಗಂಟು ಇದು. ಗಟ್ಟಿ, ಆದರೆ ಹಗುರ. ಬೆಂಕಿಗೆ ಬೇಗ ಸುಡುವುದಿಲ್ಲ, ಒಳಗಿನ ತೇವವನ್ನೂ ಹೀರಿಕೊಳ್ಳುತ್ತದೆ. 19ನೇ ಶತಮಾನದ ನಡುಭಾಗದಿಂದ ಪೈಪ್‌ಗೆ ಇದೇ ಮುಖ್ಯ ಕಟ್ಟಿಗೆ.

ಮೀರ್‌ಶಾಮ್ ಎಂಬುದು ಟರ್ಕಿಯಲ್ಲಿ ಅಗೆದು ತೆಗೆಯುವ ಬೆಳ್ಳನೆಯ ಮೆತ್ತಗಿನ ಖನಿಜ. ಚೆಂದ ಕಾಣುತ್ತದೆ, ಕೈ ಜಾರಿದರೆ ಒಡೆಯುತ್ತದೆ. ಗೋವಿನ ಜೋಳದ ತೆನೆಯ ದಿಂಡಿನಿಂದ ಮಾಡಿದ ಪೈಪ್ ಅಗ್ಗ. ಅಮೆರಿಕದ ಮಿಸ್ಸೌರಿಯಲ್ಲಿ ಇದು ದೊಡ್ಡ ಉದ್ಯಮವೇ ಆಗಿದೆ. ಮಣ್ಣಿನದು ನಮ್ಮ ಹಳ್ಳಿಗಳ ಚಿಲುಮಿಯಂತೆ ಬೇಗ ಕಾದು ಕೈ ಸುಡುತ್ತದೆ.

ಹಿತ್ತಾಳೆ ತಂತಿ ಕೂರಿಸಿದ ಶೀಶಮ್ ಪೈಪ್‌ಗಳು ಪ್ರವಾಸಿ ತಾಣಗಳ ಅಂಗಡಿಗಳಲ್ಲಿ ಮಾರಾಟಕ್ಕೆ ಇರುತ್ತವೆ. ಇಂಥವು ಹೆಚ್ಚಾಗಿ ಶೋಕೇಸಿಗೆ ಮಾಡಿದವು. ಬಟ್ಟಲಿನ ಒಳಗೂ ವಾರ್ನಿಶ್ ಅಥವಾ ಬಣ್ಣ ಬಳಿದಿದ್ದರೆ ಬೆಂಕಿ ಹಚ್ಚುವುದು ಬೇಡವೇ ಬೇಡ. ತಂಬಾಕಿನ ಜತೆ ಬಣ್ಣವೂ ಸುಟ್ಟು ಆ ಹೊಗೆ ಬಾಯಿಗೆ ಬರುತ್ತದೆ.

ತೂತು, ದಪ್ಪ, ತೂಕ

ಅಂಗಡಿಯಲ್ಲೇ ನಿಂತು ಮಾಡಬಹುದಾದ ಪರೀಕ್ಷೆ ನಾಲ್ಕು.

ಒಂದು, ತೂತು. ಹೊಗೆ ಹೋಗುವ ತೂತು ಬಟ್ಟಲಿನ ತಳಕ್ಕೆ, ನಟ್ಟನಡುವೆ ಸೇರಬೇಕು. ಮೇಲಾದರೆ ತಳದ ತಂಬಾಕು ಸರಿಯಾಗಿ ಉರಿಯದೆ ಹಸಿಯಾಗಿ ಉಳಿಯುತ್ತದೆ. ಪೈಪ್ ಒರೆಸುವ ನೂಲಿನ ತಂತಿಯನ್ನು ಬಾಯಿ ತುದಿಯಿಂದ ಹಾಕಿದರೆ ಎಲ್ಲೂ ಸಿಕ್ಕಿಕೊಳ್ಳದೆ ಬಟ್ಟಲಿನವರೆಗೆ ಬರಬೇಕು.

ಎರಡು, ಗೋಡೆಯ ದಪ್ಪ. ಬಟ್ಟಲಿನ ಗೋಡೆ ಸುತ್ತಲೂ ಸಮನಾಗಿ, ಕಾಲು ಇಂಚಿನಷ್ಟಾದರೂ ಇರಬೇಕು. ತೆಳ್ಳಗಿದ್ದರೆ ಕೈಗೆ ಕಾವು ತಟ್ಟುತ್ತದೆ, ಕೊನೆಗೆ ತೂತೇ ಬೀಳುತ್ತದೆ. ಹೊರಮೈಯಲ್ಲಿ ಪುಟ್ಟಿ ತುಂಬಿದ ಗುರುತು ಬೆಳಕಿಗೆ ಹಿಡಿದರೆ ಕಾಣುತ್ತದೆ. ದಟ್ಟ ಬಣ್ಣ ಬಳಿದಿದ್ದರೆ ಕೆಳಗೆ ಏನೋ ಮುಚ್ಚಿರಬಹುದೆಂಬ ಸಂಶಯ ಇರಲಿ.

ಮೂರು, ಜೋಡಣೆ. ಬಟ್ಟಲಿನ ಕತ್ತು ಮತ್ತು ಬಾಯಿ ತುದಿ ಕೂಡುವಲ್ಲಿ ಉಗುರು ಹೋಗುವಷ್ಟು ಸಂದು ಇರಬಾರದು. ತುದಿ ಎಬೊನೈಟಿನದಾದರೆ ಹಲ್ಲಿಗೆ ಮೆತ್ತಗೆ, ಆದರೆ ಬಿಸಿಲಿಗೆ ಹಸಿರು ಹಳದಿ ಬಣ್ಣಕ್ಕೆ ತಿರುಗುತ್ತದೆ. ವಿಜಯಪುರದ ಬಿಸಿಲಿನಲ್ಲಿ ಗಾಜಿನ ಕಪಾಟಿನಲ್ಲಿ ಇಡುವ ಅಂಗಡಿಕಾರರು ಇದನ್ನು ನೆನಪಿಡಬೇಕು. ಅಕ್ರಿಲಿಕ್ ಗಟ್ಟಿ, ಬಣ್ಣ ಕೆಡುವುದಿಲ್ಲ.

ನಾಲ್ಕು, ತೂಕ. ಐವತ್ತು ಗ್ರಾಂ ಒಳಗಿದ್ದರೆ ಹಿಡಿಯಲು ಹಗುರ. ಹೊಸಬರಿಗೆ ನೇರ ಆಕಾರದ, ಸಾದಾ ಪೈಪ್ ಒರೆಸಲು ಸುಲಭ. ಕೆತ್ತನೆ ಹೆಚ್ಚಿದಷ್ಟು ಬೆಲೆ ಏರುತ್ತದೆ, ಕೆಲಸ ಅದೇ.

ಮನೆಯಲ್ಲಿ ಹಳೆಯ ಗುಡಗುಡಿ ಇದ್ದರೆ

ದಖ್ಖನಿನ ಇನ್ನೊಂದು ಹೆಸರಾಂತ ಸಾಮಾನು ಬಿದರಿ ಹುಕ್ಕಾ ಬುರುಡೆ. ಲಂಡನ್, ನ್ಯೂಯಾರ್ಕ್ ಮ್ಯೂಸಿಯಂಗಳಲ್ಲೂ ಇವೆ. ಇದು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪು ಮಾಡಿದ ಕೆಲಸ. ಅಯಸ್ಕಾಂತ ಹಿಡಿದರೆ ಅಸಲಿ ಬಿದರಿ ಅಂಟುವುದಿಲ್ಲ. ಅಂಟಿದರೆ ಅದು ಕಬ್ಬಿಣ. ಕಪ್ಪು ಬಣ್ಣ ಉಗುರಿಗೆ ಕಿತ್ತು ಬಂದರೆ ಅದು ಬರೀ ಪೇಂಟು.

ಹಿರಿಯರ ಕಾಲದ ಇಂಥ ವಸ್ತುವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕಪ್ಪು ಹೊಳಪು ಹಾಳಾಗುತ್ತದೆ, ಒಣ ಬಟ್ಟೆ ಸಾಕು. ನೂರು ವರ್ಷ ಮೀರಿದ ಕಲಾವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ಪೈಪ್ ಚಲೋ ಇದ್ದರೆ ಹೊಗೆ ಚಲೋ ಅಲ್ಲ

ಎಲ್ಲಕ್ಕಿಂತ ಮುಖ್ಯ ಮಾತು ಇದು. ಒಳ್ಳೆಯ ಪೈಪ್ ಕೈ ಸುಡುವುದಿಲ್ಲ, ಕಹಿ ನೀರು ಬಾಯಿಗೆ ಬರುವುದಿಲ್ಲ, ಹತ್ತಾರು ವರ್ಷ ಬಾಳುತ್ತದೆ. ಅದರ ಒಳ್ಳೆಯತನ ಅಲ್ಲಿಗೆ ಮುಗಿಯಿತು. "ಪೈಪ್ ಹೊಗೆ ಒಳಗ ಎಳಕೊಳ್ಳಂಗಿಲ್ಲ, ಏನೂ ಆಗಂಗಿಲ್ಲ" ಎನ್ನುವ ಮಾತು ಸುಳ್ಳು. ಎದೆಗೆ ಎಳೆಯದೆ ಬಾಯಲ್ಲೇ ಆಡಿಸಿದರೂ ತುಟಿ, ನಾಲಿಗೆ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ಶ್ವಾಸಕೋಶಕ್ಕೂ ತಪ್ಪಿದ್ದಲ್ಲ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ, ಚಟವೂ ಅಲ್ಲಿಂದಲೇ ಹತ್ತುತ್ತದೆ. ಫಿಲ್ಟರ್ ಹಾಕಿದರೂ, ಹುಕ್ಕಾದ ನೀರಿನಲ್ಲಿ ಹಾಯಿಸಿದರೂ ವಿಷ ಹೋಗುವುದಿಲ್ಲ.

ಹೀಗಾಗಿ ಇದುವರೆಗೆ ತಂಬಾಕು ಮುಟ್ಟದವರು ಪೈಪ್ ಇಷ್ಟವಾದರೆ ಶೋಕೇಸಿಗೆ ಕೊಳ್ಳುವುದು ಲೇಸು. ಸಿಗರೇಟು ಬಿಡಲು ಪೈಪ್ ಹಿಡಿಯುವುದು ಬಿಟ್ಟಂತಲ್ಲ, ಬದಲಿಸಿದಂತೆ ಅಷ್ಟೇ. ಬಿಡಬೇಕೆನ್ನುವವರಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಇದೆ.

ಅಂಗಡಿಕಾರರು ಗಮನಿಸಬೇಕಾದ್ದು

ಕರ್ನಾಟಕದ ತಿದ್ದುಪಡಿ ಕಾಯ್ದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅದರ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಮೊದಲು ಈ ಮಿತಿ 18 ಇತ್ತು. ಶಾಲೆ, ಕಾಲೇಜಿನ 100 ಮೀಟರ್ ಒಳಗೆ ಮಾರಾಟ ಇಲ್ಲ. ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಪೈಪ್‌ಗೂ ಅದೇ ನಿಯಮ. ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ. ಚಿತ್ರಸಹಿತ ಎಚ್ಚರಿಕೆ ಇಲ್ಲದ ವಿದೇಶಿ ಪೈಪ್ ತಂಬಾಕಿನ ಪೊಟ್ಟಣ ಇಟ್ಟರೂ ಕೇಸು ಬೀಳಬಹುದು. ಗಿರಾಕಿ ವಯಸ್ಸಿನ ಬಗ್ಗೆ ಅನುಮಾನ ಬಂದರೆ ಆಧಾರ್ ಕೇಳಿ ನೋಡುವುದೇ ಸುರಕ್ಷಿತ.

ಅಕ್ಬರ ಏನು ಮಾಡಿದ?

ಅಸದ್ ಬೇಗ್ ಬೆಳ್ಳಿ ತಟ್ಟೆಯಲ್ಲಿಟ್ಟು ಒಪ್ಪಿಸಿದ ಪೈಪನ್ನು ಅಕ್ಬರ ಕೈಗೆತ್ತಿಕೊಂಡು ಎರಡು ಮೂರು ಬಾರಿ ಸೇದಿದ. ಇದು ಪರೀಕ್ಷೆಯಾಗದ ವಸ್ತು, ಬೇಡ ಎಂದು ಆಸ್ಥಾನದ ಹಕೀಮರು ತಡೆದರು. ಜಗತ್ತಿನ ಪ್ರತಿ ರೂಢಿಯೂ ಒಮ್ಮೆ ಹೊಸದೇ ಆಗಿತ್ತು ಎಂದು ಅಸದ್ ಬೇಗ್ ವಾದಿಸಿದ. ಆತನ ವಾದಕ್ಕೆ ಬಾದಶಹಾ ಮೆಚ್ಚಿದ. ಸರದಾರರು ಒಬ್ಬೊಬ್ಬರಾಗಿ ತಂಬಾಕು ಕೇಳಿದರು, ವ್ಯಾಪಾರಿಗಳು ತರಿಸಿ ಮಾರಲು ಶುರುಮಾಡಿದರು, ಚಟ ಹರಡಿತು. 1617ರಲ್ಲಿ ಮಗ ಜಹಾಂಗೀರ್ ನಿಷೇಧದ ಹುಕುಂ ಹೊರಡಿಸಿದ. ಅಷ್ಟರಲ್ಲಿ ತಡವಾಗಿತ್ತು.

ಹಕೀಮರು ಕೇಳಿದ ಪರೀಕ್ಷೆ ಈಗ ಮುಗಿದಿದೆ, ಅವರ ಸಂಶಯವೇ ಖರೆ ಆಗಿದೆ. ಅಕ್ಬರನಂತೂ ಅಷ್ಟು ಬೆಲೆಬಾಳುವ ಪೈಪ್ ಕೈಯಲ್ಲಿದ್ದರೂ ತಂಬಾಕಿನ ರೂಢಿ ಹಚ್ಚಿಕೊಳ್ಳಲಿಲ್ಲ.