ಗಾಡಿಯ ಶಾಕ್ ಅಬ್ಸಾರ್ಬರ್ ಬದಲಾವಣೆ: ಮನೆಯಲ್ಲಿ ಮಾಡಬಹುದಾದದ್ದು, ಮಾಡಬಾರದ್ದು

ಅಡಿಕೆ, ಕಾಫಿ ಕೊಯ್ಲಿನ ಕಾಲ ಸಮೀಪಿಸಿದಂತೆ ನಮ್ಮ ಸದಸ್ಯರಲ್ಲಿ ಕೆಲವರು ಕೆಲಸಗಾರರನ್ನು ಕರೆತರಲು ಸ್ವಂತ ಗಾಡಿಯಲ್ಲಿ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆಗೆ ಹೋಗಿಬರುವುದುಂಟು. ಬಂದ ಮೇಲೆ, ‘ಗಾಡಿ ಕುಣಿಯುತ್ತಿದೆ, ಶಾಕ್ ಅಬ್ಸಾರ್ಬರ್ ಮನೆಯಲ್ಲೇ ಬದಲಾಯಿಸಬಹುದೇ?’ ಎಂದು ಕೇಳುತ್ತಾರೆ. ಬೊಲೆರೊ, ಸ್ಕಾರ್ಪಿಯೊದಂಥ ದೊಡ್ಡ ಗಾಡಿಗಳನ್ನೂ ಹಳೆಯ ಜೀಪುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರ ಕೊಡುತ್ತಿದ್ದೇವೆ.

ಶಾಕ್ ಅಬ್ಸಾರ್ಬರ್ ಇರುವುದು ಕೇವಲ ಸುಖ ಪ್ರಯಾಣಕ್ಕೆಂದು ಅನೇಕರ ತಿಳಿವಳಿಕೆ. ಇದು ಪೂರ್ತಿ ಸರಿಯಲ್ಲ. ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಒಮ್ಮೆ ಅದುಮಿದ ಸ್ಪ್ರಿಂಗು ತಾನಾಗಿ ಬೇಗ ನಿಲ್ಲುವುದಿಲ್ಲ, ಪುಟಿಯುತ್ತಲೇ ಇರುತ್ತದೆ. ಆ ಪುಟಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗಿನ ಪಿಸ್ಟನ್ ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ತಳ್ಳುತ್ತದೆ. ಪುಟಿತದ ಶಕ್ತಿ ಎಣ್ಣೆಯ ಶಾಖವಾಗಿ ಹೊರಹೋಗುತ್ತದೆ. ಇದು ಸವೆದರೆ ಗಾಲಿ ಹಳ್ಳದಿಂದ ಹಳ್ಳಕ್ಕೆ ಹಾರುತ್ತದೆ. ನೆಲ ಬಿಟ್ಟ ಗಾಲಿಗೆ ಬ್ರೇಕ್ ಹಿಡಿದು ಪ್ರಯೋಜನವಿಲ್ಲ, ಸ್ಟೀರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. ಜನ ತುಂಬಿದ ಗಾಡಿ ಘಟ್ಟದ ತಿರುವಿನಲ್ಲಿ ಇಳಿಯುವಾಗ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮಲೆನಾಡಿನ ರಸ್ತೆಯಲ್ಲಿ ಗುಂಡಿ ಹೆಚ್ಚು. ಪೆಟ್ಟು ಬಿಡಿಬಿಡಿಯಾಗಿ ಬೀಳುತ್ತದೆ. ರೋಣ, ನರಗುಂದದ ಎರೆಭೂಮಿಯ ರೀತಿ ಬೇರೆ. ಆ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ರಸ್ತೆ ಕ್ರಮೇಣ ಅಲೆಅಲೆಯಾಗುತ್ತದೆ. ಅಂಥ ದಾರಿಯಲ್ಲಿ ಹತ್ತಾರು ಮೈಲಿ ವೇಗವಾಗಿ ಓಡಿದಾಗ ಪಿಸ್ಟನ್ನಿಗೆ ಬಿಡುವೇ ಇರುವುದಿಲ್ಲ. ಎಣ್ಣೆ ಕಾದು ತೆಳುವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ನಮ್ಮಲ್ಲಿ ಹೇಗೋ ನಡೆಯುತ್ತಿದ್ದ ಅರ್ಧ ಸವೆದ ಶಾಕ್ ಅಬ್ಸಾರ್ಬರಿನ ದೋಷ ಅಲ್ಲಿ ಬಯಲಾಗುವುದು ಹೀಗೆ.

ಸವೆತದ ಲಕ್ಷಣಗಳು ಸ್ಪಷ್ಟ. ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ಏರಿಳಿಯುವುದು. ಬ್ರೇಕ್ ಹಿಡಿದಾಗ ಮೂತಿ ಅತಿಯಾಗಿ ತಗ್ಗುವುದು. ಟೈರು ಅಲ್ಲಲ್ಲಿ ಬಟ್ಟಲಿನಂತೆ ಸವೆಯುವುದು. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿರುವುದು. ಮೂಲೆಯನ್ನು ಕೈಯಿಂದ ಅದುಮಿ ನೋಡುವ ಪರೀಕ್ಷೆಯೊಂದನ್ನೇ ಭಾರಿ ಗಾಡಿಗಳಲ್ಲಿ ನಂಬಬಾರದು.

ಈಗ ಮುಖ್ಯ ವಿಷಯ. ಬೊಲೆರೊ ಗಾಡಿಗೆ ಹಿಂದೆ ಪಟ್ಟಿಗಳನ್ನು ಜೋಡಿಸಿದ ಕಮಾನು ಸ್ಪ್ರಿಂಗು ಇದೆ. ಹಳೆಯ ಜೀಪುಗಳಿಗೆ ನಾಲ್ಕೂ ಕಡೆ ಅದೇ. ಇಲ್ಲಿ ಶಾಕ್ ಅಬ್ಸಾರ್ಬರ್ ಪ್ರತ್ಯೇಕವಾಗಿದ್ದು, ಮೇಲೊಂದು ಕೆಳಗೊಂದು ಬಿಗಿತದಲ್ಲಿ ನಿಂತಿರುತ್ತದೆ. ಕೈಕೆಲಸ ಬಲ್ಲ ಬೆಳೆಗಾರರು ಇದನ್ನು ಮನೆಯಲ್ಲೇ ಬದಲಾಯಿಸಬಹುದು. ಆದರೆ ಸುರುಳಿ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತ ಒಂದೇ ಜೋಡಣೆಯಾಗಿ ಇದ್ದಲ್ಲಿ ಅದನ್ನು ಮುಟ್ಟಲೇಬಾರದು. ಅದುಮಿಟ್ಟ ಆ ಸ್ಪ್ರಿಂಗು ಸಿಡಿದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಸರಿಯಾದ ಸಾಧನವಿರುವ ವರ್ಕ್‌ಶಾಪೇ ಗತಿ.

ಕೆಲಸಕ್ಕೆ ಸಿಮೆಂಟಿನ ಒಣಗಿಸುವ ಕಣ ಉತ್ತಮ; ಮಣ್ಣಿನ ಅಂಗಳದಲ್ಲಿ ಜಾಕ್ ಕುಸಿಯುತ್ತದೆ. ಕಣಕ್ಕೆ ಎಣ್ಣೆ ಬೀಳದಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರಿ. ಕಾಫಿ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಹಿಂದಿನ ದಿನವೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು. ಗಾಡಿ ನೆಲದ ಮೇಲೆ ನಿಂತಂತೆಯೇ ನಟ್ಟುಗಳಿಗೆ ಸ್ಪ್ಯಾನರ್ ಎಟುಕುವುದಾದರೆ ಎತ್ತುವ ಗೋಜೇ ಬೇಡ.

ಎತ್ತಲೇಬೇಕಾದರೆ ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಅಥವಾ ಮರದ ತುಂಡು ಕೊಡಿ. ಸಾಮಾನ್ಯವಾಗಿ ಹ್ಯಾಂಡ್ ಬ್ರೇಕ್ ಹಿಂದಿನ ಗಾಲಿಗಳನ್ನು ಹಿಡಿಯುವುದರಿಂದ, ಹಿಂಭಾಗ ಮೇಲೆದ್ದಾಗ ಅದು ಗಾಡಿಯನ್ನು ತಡೆಯಲಾರದು. ಛಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಇಡಬೇಕು. ಜಾಕ್ ಒಂದನ್ನೇ ನಂಬಿ, ಇಲ್ಲವೇ ಇಟ್ಟಿಗೆ, ಸೈಜುಗಲ್ಲು ಪೇರಿಸಿ ಅಡಿಗೆ ನುಗ್ಗುವುದು ಸರ್ವಥಾ ಕೂಡದು. ಆಕ್ಸಲಿಗೂ ಜಾಕಿನ ಆಧಾರ ಬೇಕು. ಅದು ಜೋತುಬಿದ್ದರೆ ಬ್ರೇಕಿನ ರಬ್ಬರ್ ಪೈಪು ಜಗ್ಗುತ್ತದೆ. ಸ್ಕಾರ್ಪಿಯೊದಂತೆ ಹಿಂದೆಯೂ ಸುರುಳಿ ಸ್ಪ್ರಿಂಗಿದ್ದರೆ ಅದು ಜಾಗ ಬಿಟ್ಟು ಕಳಚಲೂಬಹುದು.

ಒಂದು ಬದಿ ಮುಗಿಸಿದ ಮೇಲೆಯೇ ಇನ್ನೊಂದು ಬದಿ ಬಿಚ್ಚಬೇಕು. ಹೊಸ ಶಾಕ್ ಅಬ್ಸಾರ್ಬರ್ ಕೇವಲ ಎಣ್ಣೆಯದಾದರೆ ನೆಟ್ಟಗೆ ಹಿಡಿದು ನಾಲ್ಕೈದು ಬಾರಿ ಎಳೆದು ಒತ್ತಿ, ಒಳಗಿನ ಗಾಳಿ ಬಿಡಿಸಿ ಜೋಡಿಸಿ. ಗ್ಯಾಸ್ ತುಂಬಿದ್ದಾದರೆ ಅದನ್ನು ಅದುಮಿ ಕಟ್ಟಿದ ಪಟ್ಟಿಯನ್ನು ಜಾಗಕ್ಕೆ ಕೂರಿಸುವ ತನಕ ಕತ್ತರಿಸಬೇಡಿ. ರಬ್ಬರ್ ಬುಷ್‌ಗಳೂ ಹೊಸದಿರಲಿ. ಅನೇಕರು ಮರೆಯುವ ಮಾತೊಂದಿದೆ: ಬುಷ್ ಇರುವ ಬೋಲ್ಟುಗಳ ಕೊನೆಯ ಬಿಗಿತವನ್ನು ಗಾಡಿಯ ಭಾರ ಗಾಲಿಯ ಮೇಲೆ ಬಂದ ನಂತರವೇ ಕೊಡಬೇಕು. ಎತ್ತಿದ ಸ್ಥಿತಿಯಲ್ಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಎಷ್ಟು ಬಿಗಿಯಬೇಕೆಂಬುದು ಗಾಡಿಯ ಸರ್ವೀಸ್ ಕೈಪಿಡಿಯಲ್ಲಿರುತ್ತದೆ. ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ನೋಡಿರಿ.

ಖರ್ಚು ಉಳಿಸಲೆಂದು ಒಂದು ಬದಿಯದನ್ನು ಮಾತ್ರ ಹಾಕಬೇಡಿ. ಎಡಬಲದ ಹಿಡಿತ ಬೇರೆಬೇರೆಯಾದರೆ ಗಾಡಿ ತಿರುವಿನಲ್ಲಿ, ಬ್ರೇಕಿನಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. ಹಳೆಯದನ್ನು ಬೆಂಕಿಗೆ ಹಾಕುವುದು, ಗ್ಯಾಸ್ ಕಟರಿನಿಂದ ಕೊಯ್ಯುವುದು ಅಪಾಯಕರ. ಅದರ ಎಣ್ಣೆ ತೋಟಕ್ಕೂ ಬಾವಿಗೂ ಸೇರಬಾರದು.

ಹೊಸ ಶಾಕ್ ಅಬ್ಸಾರ್ಬರ್ ಹಾಕಿದ ಮಾತ್ರಕ್ಕೆ ಗಾಡಿಯ ಭಾರ ಹೊರುವ ಶಕ್ತಿ ಹೆಚ್ಚುವುದಿಲ್ಲವೆಂಬುದನ್ನು ಸದಸ್ಯರು ಗಮನಿಸಬೇಕು. ಸೀಟಿಗಿಂತ ಹೆಚ್ಚು ಜನರನ್ನು ಹತ್ತಿಸಿದರೆ ಮೇಲಿನ ಶ್ರಮವೆಲ್ಲ ವ್ಯರ್ಥ. ನಮ್ಮ ಮಾತು ನಂಬಿ ಅಷ್ಟು ದೂರದಿಂದ ಹೊರಟು ಬರುವವರನ್ನು ಸುರಕ್ಷಿತವಾಗಿ ತೋಟ ಮುಟ್ಟಿಸುವುದು, ಕೊಯ್ಲು ಮುಗಿದ ಮೇಲೆ ಅವರ ಊರಿಗೆ ತಲುಪಿಸುವುದು ನಮ್ಮ ಹೊಣೆ.