ರೈಸ್ ಸಾಹೇಬರ ಹೋಬಳಿ ಶಾಲೆ

ಅವೆನ್ಯೂ ರಸ್ತೆಯ ಜನಜಂಗುಳಿಯ ನಡುವೆ ನಿಂತಿರುವ ರೈಸ್ ಸ್ಮಾರಕ ಚರ್ಚು ಶಾಸನತಜ್ಞ ಬಿ.ಎಲ್. ರೈಸ್ ಅವರ ಹೆಸರಿನದೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ಅವರ ತಂದೆ, ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್ ಅವರ ನೆನಪಿನದು. ತಾಯಿ ಜೇನ್, ಬೆಂಗಳೂರು ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಮೊದಲಾಗಿ ಕನ್ನಡ ಶಾಲೆ ತೆರೆದವರಲ್ಲೊಬ್ಬರು. ಇಂಥ ಮನೆಯಲ್ಲಿ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮಗನನ್ನು ನಾವು ‘ಶಾಸನ ಪಿತಾಮಹ’ನೆಂದು ಗೌರವಿಸುತ್ತೇವೆ. ಆದರೆ ಅವರ ಸೇವಾವಧಿಯ ಮೊದಲರ್ಧ ಕಳೆದದ್ದು ಶಿಕ್ಷಣ ಇಲಾಖೆಯಲ್ಲಿ ಎಂಬುದು ಮರೆತೇಹೋಗಿದೆ.

ಇಂಗ್ಲೆಂಡಿನಲ್ಲಿ ಓದಿ ಮರಳಿದ ರೈಸ್, 1860ರಲ್ಲಿ ಇಲ್ಲಿನ ಸರ್ಕಾರಿ ಹೈಸ್ಕೂಲಿನ (ಮುಂದಿನ ಸೆಂಟ್ರಲ್ ಕಾಲೇಜು) ಮುಖ್ಯಸ್ಥರಾದರು. ಕೆಲವೇ ವರ್ಷಗಳಲ್ಲಿ ಮೈಸೂರು ಮತ್ತು ಕೊಡಗಿನ ಶಾಲಾ ಇನ್ಸ್‌ಪೆಕ್ಟರ್ ಆದರು. 1868ರಲ್ಲಿ ನಿರ್ದೇಶಕ ಗ್ಯಾರೆಟ್ ಅವರ ಸ್ಥಾನದಲ್ಲಿ ಹಂಗಾಮಿಯಾಗಿದ್ದಾಗ ಅವರು ಮುಂದಿಟ್ಟದ್ದೇ ಹೋಬಳಿ ಶಾಲೆಗಳ ಯೋಜನೆ.

ಅಂದಿನ ಸರ್ಕಾರಿ ಶಿಕ್ಷಣವೆಂದರೆ ಬಹುಮಟ್ಟಿಗೆ ಪಟ್ಟಣದ ಹುಡುಗರನ್ನು ಕಚೇರಿಗೆ ಅಣಿಗೊಳಿಸುವುದು. ಹಳ್ಳಿಗೆ ಇದ್ದದ್ದು ಕೂಲಿಮಠವಷ್ಟೇ. ರೈಸ್ ಪ್ರತಿ ಹೋಬಳಿಗೂ ಒಂದು ದೇಶಭಾಷಾ ಶಾಲೆ ಬೇಕೆಂದರು. ಶಾಲೆ ಬೇಕೆಂದು ಊರವರೇ ಅರ್ಜಿ ಕೊಡಬೇಕು, ಕಟ್ಟಡವನ್ನೂ ಅವರೇ ಒದಗಿಸಬೇಕು, ಸಂಬಳ ಸರ್ಕಾರದ್ದು. ಉಪಾಧ್ಯಾಯರನ್ನು ಹೊರಗಿನಿಂದ ತಂದು ಹೇರುವಂತಿರಲಿಲ್ಲ. ಕೂಲಿಮಠದ ಐಗಳನ್ನೋ ಹೋಬಳಿಯಲ್ಲೇ ನೆಲೆಸಿದವರನ್ನೋ ಆಯ್ದು, ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಕೊಟ್ಟು ಹಿಂದಕ್ಕೆ ಕಳಿಸಬೇಕಿತ್ತು. ಊರ ವಿಶ್ವಾಸ ಗಳಿಸಿದ್ದ ಐಗಳನ್ನು ಕಳೆದುಕೊಳ್ಳದೆ ಪಾಠಕ್ರಮವನ್ನು ಬದಲಿಸುವ ಈ ಜಾಣ್ಮೆ ಇಂದಿನ ಅನೇಕ ಸುಧಾರಕರಲ್ಲಿ ಕಾಣದು. ದೋಷವೂ ಇತ್ತೆನ್ನಬೇಕು. ಅರ್ಜಿ ಬರೆಯಬಲ್ಲ, ಗೋಡೆ ಎಬ್ಬಿಸಬಲ್ಲ ಊರುಗಳಿಗೆ ಶಾಲೆ ಸುಲಭವಾಗಿ ದಕ್ಕುತ್ತಿತ್ತು. ಊರಾಚೆಯ ಕೇರಿಯವರ ಪರವಾಗಿ ಅರ್ಜಿ ಹಾಕುವವರು ಯಾರು?

ಶಾಲಾ ತಪಾಸಣೆಗೆಂದು ಕುದುರೆಯೇರಿ ಊರೂರು ಅಲೆಯುವಾಗಲೇ ರೈಸ್ ಕಣ್ಣಿಗೆ ಬಿದ್ದದ್ದು ಕೆರೆಯ ಏರಿ, ಗುಡಿಯಂಗಳಗಳ ಕಲ್ಬರಹಗಳು. ಹನ್ನೆರಡು ಸಂಪುಟಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’, ಅದರೊಳಗಿನ ಸುಮಾರು 9 ಸಾವಿರ ಶಾಸನಗಳ ಮೂಲ ಈ ಅಲೆದಾಟದಲ್ಲಿದೆ. 1882ರ ಹಂಟರ್ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಯಾದದ್ದೂ ಇವರೇ.

ಮಕ್ಕಳ ಸಂಖ್ಯೆ ಇಳಿದಿದೆಯೆಂಬ ಕಾರಣಕ್ಕೆ ಹಳ್ಳಿಯ ಕನ್ನಡ ಶಾಲೆಗಳನ್ನು ವಿಲೀನಗೊಳಿಸುವ ಮಾತು ಈಗ ಪದೇ ಪದೇ ಕೇಳಿಬರುತ್ತಿದೆ. ಹೋಬಳಿ ಶಾಲೆ ತೆರೆಯಲು ಊರವರ ಅರ್ಜಿ ಬೇಕಿತ್ತು. ಮುಚ್ಚುವ ಆದೇಶಕ್ಕೆ ಸಹಿ ಹಾಕುವ ಮುನ್ನವೂ ಊರವರನ್ನು ಕೂರಿಸಿ, ದಾಖಲಾಗದ ಮಕ್ಕಳು ಎಲ್ಲಿಗೆ ಹೋದರು, ಏಕೆ ಹೋದರು ಎಂದು ಇಲಾಖೆ ಕೇಳಿ ಬರೆದುಕೊಳ್ಳಲಿ.