ಕೇಬಲ್ ಹಾಕಿದ್ರೂ ಲ್ಯಾಪ್‌ಟಾಪ್ ಫೋನನ್ನ ಯಾಕೆ ಮುಟ್ಟೋಕೆ ಬಿಡಲ್ಲ?

ಹೋದ ತಿಂಗಳು ನನ್ನ ಫೋನ್ ಕೈಜಾರಿ ಬಿತ್ತು. ಆನ್ ಇತ್ತು, ಆದ್ರೆ ಟಚ್ ಸತ್ತುಹೋಗಿತ್ತು. ಒಳಗೆ ಅಜ್ಜಿ ಹಾಡಿದ ಸೋಬಾನೆ ಪದಗಳ 40 ನಿಮಿಷದ ರೆಕಾರ್ಡಿಂಗ್. ಬ್ಯಾಕಪ್ ಇಲ್ಲ. ಬೈಬೇಡಿ, ಮನೇಲಿ ಆಗ್ಲೇ ಬೈದಾಗಿದೆ.

ಒಂದೇ ದಾರಿ ಉಳಿದಿತ್ತು. ಫೋನಿನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಇತ್ತು, ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಹಿಂದೆಯೇ 'ಅಲೋ' ಒತ್ತಿದ್ದೆ. ಆಮೇಲೆ ಲಿನಕ್ಸ್ ಹೊಸದಾಗಿ ಹಾಕಿದ್ದೆ ನಿಜ, ಆದ್ರೆ ಆ ಒಪ್ಪಿಗೆಯ ಕೀ ಇರೋದು ಹೋಮ್ ಫೋಲ್ಡರ್‌ನಲ್ಲಿ, ಅದು ಹಾಗೇ ಇತ್ತು. ಕೇಬಲ್ ಹಾಕಿ ಎಡಿಬಿ ಓಡಿಸಿದೆ. 'ನೋ ಪರ್ಮಿಷನ್ಸ್' ಅಂತು.

ಇಲ್ಲಿ ಅಡ್ಡ ನಿಂತಿದ್ದು ಫೋನ್ ಅಲ್ಲ, ಲ್ಯಾಪ್‌ಟಾಪ್. ಲಿನಕ್ಸ್‌ನಲ್ಲಿ ಯುಡೆವ್ ಅನ್ನೋ ಸೇವೆ ಸದ್ದಿಲ್ಲದೆ ಹಿನ್ನೆಲೆಯಲ್ಲಿ ಓಡ್ತಾ ಇರುತ್ತೆ. ಮೌಸ್, ಪೆನ್‌ಡ್ರೈವ್, ಫೋನ್, ಏನೇ ಚುಚ್ಚಿದ್ರೂ ಕರ್ನಲ್ ಅದಕ್ಕೆ ಸುದ್ದಿ ಮುಟ್ಟಿಸುತ್ತೆ. ಅದು ತನ್ನ ರೂಲ್ಸ್ ಫೈಲುಗಳನ್ನ ಓದಿ, ಆ ಸಾಧನವನ್ನ ಯಾರು ಬಳಸಬಹುದು ಅಂತ ನಿರ್ಧರಿಸುತ್ತೆ. (ನಿಮ್ಮ ಆಂಡ್ರಾಯ್ಡ್ ಒಳಗೂ ಇದರ ಒಬ್ಬ ದಾಯಾದಿ ಇದ್ದಾನೆ, ಹೆಸರು ಯುಇವೆಂಟ್‌ಡಿ.) ನನ್ನ ಫೋನಿಗೆ ರೂಲೇ ಇರಲಿಲ್ಲ.

ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಸಿಗೋ ಸಲಹೆ: ಮೋಡ್ 0666 ಅಂತ ಬರೆದುಬಿಡಿ. ಕೆಲಸ ಆಗುತ್ತೆ. ಆದ್ರೆ ಅದರರ್ಥ, ಆ ಕಂಪ್ಯೂಟರ್‌ನಲ್ಲಿರೋ ಯಾವ ಯೂಸರ್ ಬೇಕಾದ್ರೂ ಆ ಸಾಧನವನ್ನ ತೆರೆಯಬಹುದು. ಬೀಗ ಸಿಕ್ಕಿಕೊಂಡಿದೆ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ. ಯುಆ್ಯಕ್ಸೆಸ್ ಅನ್ನೋ ಟ್ಯಾಗ್ ಹಾಕೋದು ಸರಿ. ಆಗ ಲಾಗಿನ್ ಆಗಿ ಕಂಪ್ಯೂಟರ್ ಮುಂದೆ ಕೂತಿರೋರಿಗೆ ಮಾತ್ರ ಪರ್ಮಿಷನ್ ಸಿಗುತ್ತೆ.

ರೂಲ್ ಒಂದೇ ಸಾಲು: ಸಬ್‌ಸಿಸ್ಟಮ್ ಯುಎಸ್‌ಬಿ ಆಗಿದ್ರೆ, ವೆಂಡರ್ ಐಡಿ ಇಂಥದ್ದಾಗಿದ್ರೆ, ಈ ಟ್ಯಾಗ್ ಸೇರಿಸು. ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ರೆ ಐಡಿ ಕಾಣುತ್ತೆ, ಗೂಗಲ್‌ದು 18ಡಿ1. 'ಆಗಿದ್ರೆ' ಅನ್ನೋ ಕಡೆ ಎರಡು ಈಕ್ವಲ್ ಚಿಹ್ನೆ ಹಾಕ್ಬೇಕು. ಒಂದೇ ಹಾಕಿದ್ರೆ ಅದು ಪ್ರಶ್ನೆ ಆಗಲ್ಲ, ಹುಕುಂ ಆಗುತ್ತೆ. ಟ್ಯಾಗ್ ಸೇರಿಸೋಕೆ ಪ್ಲಸ್ ಮತ್ತು ಈಕ್ವಲ್.

ಇಷ್ಟೆಲ್ಲ ಮಾಡಿ, ಇಟಿಸಿ ಒಳಗಿನ ಯುಡೆವ್ ಫೋಲ್ಡರ್‌ನ 'ರೂಲ್ಸ್ ಡಾಟ್ ಡಿ'ಯಲ್ಲಿ ಸೇವ್ ಮಾಡಿದೆ. ಆದ್ರೂ ಆಗಲಿಲ್ಲ! ಎರಡು ಗಂಟೆ ತಲೆ ಕೆರ್ಕೊಂಡೆ. ತಪ್ಪು ಇದ್ದಿದ್ದು ಫೈಲಿನ ಹೆಸರಲ್ಲಿ. 'ನಂದು ಕೊನೇಲಿರಲಿ' ಅಂತ ಹೆಸರು 99ರಿಂದ ಶುರು ಮಾಡಿದ್ದೆ. ಯುಡೆವ್ ಫೈಲುಗಳನ್ನ ಹೆಸರಿನ ಕ್ರಮದಲ್ಲೇ ಓದುತ್ತೆ. ಈ ಟ್ಯಾಗ್ ನೋಡಿ ಪರ್ಮಿಷನ್ ಕೊಡಿಸೋ ಫೈಲಿನ ನಂಬರ್ 73. ಅದು ಬಂದು ಹೋದ ಮೇಲೆ ನನ್ನ ಟ್ಯಾಗ್ ಹಾಕಿದ್ರೆ, ಬಸ್ ಹೋದ ಮೇಲೆ ಟಿಕೆಟ್ ತಗೊಂಡಂಗೆ. ಹೆಸರನ್ನ 70ಕ್ಕೆ ಬದಲಾಯಿಸಿದೆ. 'ಯುಡೆವ್‌ಎಡಿಎಮ್ ಕಂಟ್ರೋಲ್ ರೀಲೋಡ್' ಕೊಟ್ಟು, ಕೇಬಲ್ ಕಿತ್ತು ಮತ್ತೆ ಹಾಕಿದೆ. ರೀಲೋಡ್ ಮಾಡಿದ್ರೆ ಮೊದಲೇ ಚುಚ್ಚಿರೋ ಸಾಧನಕ್ಕೆ ಹೊಸ ರೂಲ್ ತಾನಾಗೇ ಹತ್ತಲ್ಲ, ಅದಕ್ಕೇ ಕೀಳಬೇಕು.

ಎಡಿಬಿ ಪುಲ್. ಫೈಲ್ ಬಂತು. 17ನೇ ನಿಮಿಷದಲ್ಲಿ ಕುಕ್ಕರ್ ಎರಡು ಸಲ ಕೂಗುತ್ತೆ, ಅಜ್ಜಿ ಪದ ನಿಲ್ಲಿಸಿ 'ಗ್ಯಾಸ್ ಆರ್ಸೇ' ಅಂತಾಳೆ. ಅದನ್ನ ಎಡಿಟ್ ಮಾಡಿಲ್ಲ, ಮುಂದಿನ ಎಪಿಸೋಡ್‌ನಲ್ಲಿ ಹಾಗೇ ಕೇಳಿಸ್ತೀನಿ.